ಒಗರಿನ ರುಚಿ

ವೈನ್ ಎಂದ ಕೂಡಲೇ ನಮ್ಮ ಬಿಜೂರಿನ ಕಡೆಯ ಹೆಂಗಸರು ಮೂಗು ಮುರಿದರೆ ಆಶ್ಚರ್ಯವಿಲ್ಲ. ಕುಡಿತ ಯಾವ ಮನೆಯನ್ನು ಹೊಕ್ಕಿದೆ ಎಂಬುದು ನಮ್ಮಂಥ ಟೀಚರುಗಳಿಗೆ ಹಾಜರಿ ಪುಸ್ತಕದಲ್ಲೇ ತಿಳಿದುಬಿಡುತ್ತದೆ. ಕರ್ನಾಟಕ ಸರ್ಕಾರ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು. ಅದೇ ವರ್ಷ ವೈನ್ ನೀತಿಯನ್ನೂ ತಂದಿತು. ಒಂದು ಬಡವರ ಚಟವೆನಿಸಿತು, ಇನ್ನೊಂದು ಉಳ್ಳವರ ಅಭಿರುಚಿ. ಹಾಗಾದರೆ ಅಭಿರುಚಿ ಎನ್ನುವುದು ಬರಿಯ ಬೆಲೆಯ ಮಾತೇ?

ಬೆಂಗಳೂರಿನಲ್ಲಿ ತಂಗಿಯ ಮಗಳ ಮನೆಯಲ್ಲಿ ಎರಡು ಕೆಂಪು ವೈನುಗಳನ್ನು ಒಂದೊಂದೇ ಗುಟುಕಿನಲ್ಲಿ ಹೋಲಿಸಿ ನೋಡಿದೆ. ಒಂದು ದಕ್ಷಿಣ ಅಮೆರಿಕದ ಚಿಲಿ ದೇಶದ್ದು. ಕ್ಯಾಬರ್ನೆ, ಕಾರ್ಮನೇರ್ ಎಂಬ ಎರಡು ದ್ರಾಕ್ಷಿಗಳ ಬೆರಕೆ. ಇನ್ನೊಂದು ನಮ್ಮ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಜಂಪಾದವರ 'ಲಾ ರಿಸರ್ವ್'. ಇದರಲ್ಲಿ ಕ್ಯಾಬರ್ನೆಗೆ ಜೊತೆಯಾದದ್ದು ಶಿರಾಜ್.

ಕ್ಯಾಬರ್ನೆಯನ್ನು ಬಲ್ಲವರು ಬ್ಲ್ಯಾಕ್ ಕರಂಟ್ ಹಣ್ಣಿಗೂ ಸೀಡರ್ ಮರಕ್ಕೂ ಹೋಲಿಸುತ್ತಾರೆ. ಕಾಣದ ಹಣ್ಣಿನ ಹೋಲಿಕೆಯಿಂದ ನಮಗೆ ತಿಳಿಯುವುದೇನು? ಎರಡರಲ್ಲೂ ನನ್ನ ನಾಲಿಗೆಗೆ ನೆನಪಾದದ್ದು ನೇರಳೆಹಣ್ಣು. ಮೊದಲು ಹುಳಿ, ಕೊನೆಗೆ ನಾಲಿಗೆಯನ್ನು ಹಿಡಿಯುವ ಒಗರು. ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲಿರುವ ಟ್ಯಾನಿನ್ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಇಂದಿನ ವಿಜ್ಞಾನ ಇದನ್ನು ಮೂಲರುಚಿಗಳ ಸಾಲಿಗೆ ಸೇರಿಸುವುದಿಲ್ಲ, ಸ್ಪರ್ಶದ ಅನುಭವ ಎನ್ನುತ್ತದೆ. ನಮ್ಮ ಆಯುರ್ವೇದವಾದರೋ ಷಡ್ರಸಗಳಲ್ಲಿ 'ಕಷಾಯ' ಎಂದು ಅದಕ್ಕೂ ಮಣೆ ಹಾಕಿದೆ. ಗೇರುಹಣ್ಣು ಚೀಪಿ ಬೆಳೆದವರಿಗೆ ಒಗರೆಂದರೇನೆಂದು ಯಾರೂ ಕಲಿಸಬೇಕಾಗಿಲ್ಲ.

ಚಿಲಿಯ ವೈನಿನಲ್ಲಿ ಹಸಿ ದೊಣ್ಣೆಮೆಣಸಿನ ವಾಸನೆ ಇತ್ತು. ಅದು ಕಾರ್ಮನೇರಿನ ಗುಣ. 1994ರ ತನಕ ಚಿಲಿಯವರು ಈ ಬಳ್ಳಿಯನ್ನು ಮೆರ್ಲೋ ಎಂಬ ಬೇರೆ ದ್ರಾಕ್ಷಿಯೆಂದೇ ತಿಳಿದಿದ್ದರು. ಮೆರ್ಲೋಗಿಂತ ಕೆಲವು ವಾರ ತಡವಾಗಿ ಹಣ್ಣಾಗುವುದನ್ನು ಅದರ ಜೊತೆಗೇ ಕೊಯ್ದರೆ ಹಸಿವಾಸನೆ ಉಳಿಯದಿದ್ದೀತೇ? ನಂದಿಯದರಲ್ಲಿ ಕಾಳುಮೆಣಸಿನ ನವಿರಾದ ಘಾಟು. ಇದೂ ಬರಿಯ ಕಲ್ಪನೆಯಲ್ಲ. ಶಿರಾಜಿಗೂ ಕಾಳುಮೆಣಸಿಗೂ ಆ ಘಾಟು ಬರುವುದು ರೊಟಂಡೋನ್ ಎಂಬ ಒಂದೇ ವಸ್ತುವಿನಿಂದ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ನನಗೆ ಹಿಡಿಸಿದ್ದು ನಂದಿಯದೇ. ಚಿಲಿಯದರಲ್ಲಿ ಮರದ ಪೀಪಾಯಿಯ ವಾಸನೆ ಹಣ್ಣನ್ನು ಮುಚ್ಚಿಹಾಕಿತ್ತು.

ಅಮಲಿಗಾಗಿ ಕುಡಿಯುವವನಿಗೆ ಈ ಯಾವ ಭೇದವೂ ಬೇಕಿಲ್ಲ. ರುಚಿ ನೋಡುವವರಿಗೆ ಬೇಕಾದದ್ದು ಗಮನ. ಅಂಗೈಗೆ ನಾಲ್ಕು ಹನಿ ಸಾರು ಬಿಟ್ಟುಕೊಂಡು ಉಪ್ಪು ಸಾಲದು, ಹುಳಿ ಹೆಚ್ಚಾಯಿತು ಎನ್ನುವ ಹೆಂಗಸರು ದಿನವೂ ಮಾಡುವುದು ಅದನ್ನೇ. ಆದರೂ ಅವರನ್ನು ರಸಜ್ಞರೆಂದು ಯಾರೂ ಕರೆಯುವುದಿಲ್ಲ. ನೀವು ವೈನ್ ಮುಟ್ಟಬೇಕೆಂದು ನಾನು ಹೇಳುತ್ತಿಲ್ಲ. ಪುನರ್ಪುಳಿಯ ಪಾನಕದಲ್ಲೂ ಈ ಪರೀಕ್ಷೆ ನಡೆದೀತು. ರುಚಿಯ ತೀರ್ಪನ್ನು ಮಾತ್ರ ಬಾಟಲಿಯ ಚೀಟಿಗೆ ಬಿಟ್ಟುಕೊಡಬೇಡಿ.