ಡಿಗ್ರಿ ನಡುವೆ ವಿಶ್ವವಿದ್ಯಾಲಯ ಬದಲಾವಣೆ: ಒಂದು ಅರ್ಜಿಯ ವ್ಯಾಖ್ಯಾನ

ಅಪ್ಪನಿಗೆ ವರ್ಗವಾಗುತ್ತದೆ, ಮನೆಯಲ್ಲಿ ಯಾರೋ ಕಾಯಿಲೆ ಬೀಳುತ್ತಾರೆ, ಮದುವೆಯಾದ ಹುಡುಗಿ ಬೇರೆ ಜಿಲ್ಲೆಗೆ ಹೋಗುತ್ತಾಳೆ. ಡಿಗ್ರಿ ಅರ್ಧಕ್ಕೆ ನಿಲ್ಲುವುದು ಹೀಗೆಯೇ. ನಿಲ್ಲಬೇಕಾಗಿಲ್ಲ, ದಾರಿ ಇದೆ. ಅದು ಶುರುವಾಗುವುದು ಒಂದು ಪುಟದ ಅರ್ಜಿಯಿಂದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಡಿ ಬಿ.ಎಸ್ಸಿ. ಮೊದಲ ವರ್ಷ ಓದಿದ ವಿದ್ಯಾರ್ಥಿನಿಯೊಬ್ಬಳು ಮೈಸೂರಿಗೆ ಬರಲು ಬರೆಯಬಹುದಾದ ಮಾದರಿಯೊಂದನ್ನು ಇಲ್ಲಿ ಕಟ್ಟಿದ್ದೇನೆ. ಅದರ ಒಂದೊಂದು ಸಾಲನ್ನೂ ಕಚೇರಿಯವರು ಹೇಗೆ ಓದುತ್ತಾರೆ ಎಂಬುದನ್ನು ನೋಡೋಣ.

‘ಗೆ, ಕುಲಸಚಿವರು, ಮೈಸೂರು ವಿಶ್ವವಿದ್ಯಾಲಯ. ಮುಖಾಂತರ: ಪ್ರಾಂಶುಪಾಲರು.’

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಆಡಳಿತಕ್ಕೊಬ್ಬರು, ಪರೀಕ್ಷೆ ಮತ್ತು ಮೌಲ್ಯಮಾಪನಕ್ಕೊಬ್ಬರು ಕುಲಸಚಿವರಿರುತ್ತಾರೆ. ಪ್ರವೇಶದ ಕಾಗದ ಆಡಳಿತದವರಿಗೆ ಹೋಗಬೇಕು. ಆದರೆ ಈ ಸಾಲಿನಲ್ಲಿ ತೂಕವಿರುವುದು ‘ಮುಖಾಂತರ’ ಎಂಬಲ್ಲಿ. ಸೀಟು ಇರುವುದು ಕಾಲೇಜಿನಲ್ಲಿ. ಸೇರಬೇಕೆಂದಿರುವ ಕಾಲೇಜಿನ ಪ್ರಾಂಶುಪಾಲರು ‘ಸೀಟು ಖಾಲಿ ಇದೆ, ಸೇರಿಸಿಕೊಳ್ಳಲು ಒಪ್ಪಿಗೆ ಇದೆ’ ಎಂದು ಷರಾ ಬರೆಯದಿದ್ದರೆ ಅರ್ಜಿ ಮುಂದಕ್ಕೆ ಸಾಗುವುದಿಲ್ಲ. ಆದ್ದರಿಂದ ಮೊದಲು ಕಾಲೇಜು ಹುಡುಕಿಕೊಳ್ಳಿ.

‘ವಿಷಯ: ಬಿ.ಎಸ್ಸಿ. ಮೂರನೇ ಸೆಮಿಸ್ಟರಿಗೆ ಪ್ರವೇಶ ಕೋರಿ.’

ಮೂರನೇ ಸೆಮಿಸ್ಟರ್ ಎಂದರೆ ಎರಡನೇ ವರ್ಷದ ಆರಂಭ. ವರ್ಷದ ನಡುವೆ ಬಂದರೆ ಹಾಜರಾತಿ, ಆಂತರಿಕ ಅಂಕ ಎರಡೂ ತೊಡಕಾಗುತ್ತವೆ. ಕೊನೆಯ ವರ್ಷಕ್ಕೆ ಬರುವುದು ಇನ್ನೂ ಕಷ್ಟ. ಪದವಿ ಕೊಡುವ ವಿಶ್ವವಿದ್ಯಾಲಯ, ವಿದ್ಯಾರ್ಥಿ ತನ್ನಲ್ಲಿ ಸಾಕಷ್ಟು ಕಾಲ ಓದಿರಲಿ ಎಂದು ಬಯಸುವುದು ಸಹಜ. ವೈದ್ಯಕೀಯ, ಕಾನೂನು ಓದುವವರು ತಮ್ಮ ತಮ್ಮ ನಿಯಂತ್ರಣ ಸಂಸ್ಥೆಗಳ ನಿಯಮವನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

‘ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ,’

ಇದು ಹೀಗೇ ಇರಲಿ.

‘ನಾನು 2024–25ನೇ ಸಾಲಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ವಿಷಯಗಳೊಂದಿಗೆ ಮೊದಲ ಎರಡು ಸೆಮಿಸ್ಟರ್‌ಗಳನ್ನು ಮುಗಿಸಿರುತ್ತೇನೆ.’

ಇಸವಿಯನ್ನು ಹಗುರವಾಗಿ ನೋಡಬೇಡಿ. ರಾಜ್ಯದಲ್ಲಿ 2021–22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮವಿತ್ತು. 2024–25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದೆವು. ಹಳೆಯ ಪದ್ಧತಿಯಲ್ಲಿ ಸೇರಿ, ಒಂದು ವರ್ಷ ಮನೆಯಲ್ಲಿದ್ದು, ಈಗ ಬೇರೆ ವಿಶ್ವವಿದ್ಯಾಲಯಕ್ಕೆ ಬರುವವರಿಗೆ ಎರಡು ಪಠ್ಯಕ್ರಮಗಳ ನಡುವೆ ಸಿಕ್ಕಿಕೊಳ್ಳುವ ಅಪಾಯ ನಿಜವಾಗಿಯೂ ಇದೆ. ಅಂಥವರು ಮೊದಲೇ ಹೋಗಿ ವಿಚಾರಿಸಬೇಕು.

ಇನ್ನು ಕಾಂಬಿನೇಷನ್. ಪಿಸಿಎಂ ಹೆಚ್ಚಿನ ಕಡೆ ಸಿಗುತ್ತದೆ. ಅಪರೂಪದ ಜೋಡಿ ಸಿಗದಿರಬಹುದು. ‘ಮುಗಿಸಿರುತ್ತೇನೆ’ ಎಂದು ಬರೆಯುವಾಗ ಬಾಕಿ ಉಳಿದ ಪೇಪರ್ ಇದ್ದರೆ ಮುಚ್ಚಿಡಬೇಡಿ. ಅಂಕಪಟ್ಟಿ ಹೇಗೂ ಹೇಳುತ್ತದೆ. ಆ ಪೇಪರಿನ ಪರೀಕ್ಷೆ ನಡೆಸುವವರು ಯಾರು ಎಂಬ ಪ್ರಶ್ನೆ ಎದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಸಾಧ್ಯವಾದರೆ ಅದನ್ನು ಪಾಸು ಮಾಡಿಕೊಂಡೇ ಬನ್ನಿ.

‘ನನ್ನ ತಂದೆಯವರಿಗೆ ಮೈಸೂರಿಗೆ ವರ್ಗವಾಗಿರುವುದರಿಂದ,’

ಒಂದು ಸಾಲು ಸಾಕು, ಜೊತೆಗೆ ವರ್ಗಾವಣೆ ಆದೇಶದ ಪ್ರತಿ. ಕಾಯಿಲೆಯಾದರೆ ವೈದ್ಯರ ಪತ್ರ. ಕಾಗದವಿಲ್ಲದ ಕಾರಣಗಳೂ ಇರುತ್ತವೆ: ಹಾಸ್ಟೆಲಿನಲ್ಲಿ ಉಸಿರುಕಟ್ಟುವುದು, ಮನೆಯಲ್ಲಿ ಅಜ್ಜಿಯನ್ನು ನೋಡಿಕೊಳ್ಳಲು ಯಾರೂ ಇಲ್ಲದಿರುವುದು. ಅವೂ ನಿಜವಾದ ಕಾರಣಗಳೇ, ನಾಚಿಕೆಯಿಲ್ಲದೆ ಬರೆಯಿರಿ. ಹಳೆಯ ಕಾಲೇಜನ್ನು ಮಾತ್ರ ದೂರಬೇಡಿ. ಒಪ್ಪಿ ಕಳಿಸಬೇಕಾದವರು ಅವರೇ.

‘ಅಂಕಪಟ್ಟಿಗಳು, ನಿರಾಕ್ಷೇಪಣಾ ಪತ್ರ ಹಾಗೂ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನು ಲಗತ್ತಿಸಿರುತ್ತೇನೆ.’

ಇಡೀ ಅರ್ಜಿ ನಿಂತಿರುವುದು ಈ ಸಾಲಿನ ಮೇಲೆ. ಅದರಲ್ಲೂ ಕೊನೆಯ ಲಗತ್ತಿನ ಮೇಲೆ. ಎಷ್ಟೋ ಮಕ್ಕಳು ಒಳ್ಳೆಯ ಅಂಕ ಇದ್ದರೆ ಸಾಕು ಎಂದುಕೊಳ್ಳುತ್ತಾರೆ. ಕಚೇರಿ ಕೇಳುವುದು ಎಷ್ಟು ಅಂಕ ಬಂತು ಎಂದಷ್ಟೇ ಅಲ್ಲ, ಏನು ಓದಿದ್ದೀರಿ ಎಂದು. ವಿಭಾಗದ ಮುಖ್ಯಸ್ಥರೋ ಅಧ್ಯಯನ ಮಂಡಳಿಯ ಅಧ್ಯಕ್ಷರೋ ಎರಡೂ ಪಠ್ಯಕ್ರಮಗಳನ್ನು ಮೇಜಿನ ಮೇಲಿಟ್ಟು ಘಟಕ ಘಟಕವಾಗಿ ತಾಳೆ ನೋಡುತ್ತಾರೆ. ಅಲ್ಲಿ ಬೆಳಕಿನ ಪಾಠ ಎರಡನೇ ಸೆಮಿಸ್ಟರಿಗಿದ್ದು ಇಲ್ಲಿ ಅದೇ ಪಾಠ ಮೂರನೆಯದಕ್ಕಿದ್ದರೆ ನೀವು ಓದಿದ್ದನ್ನೇ ಮತ್ತೆ ಓದುತ್ತೀರಿ. ಇಲ್ಲಿ ಎರಡನೆಯದರಲ್ಲಿ ಮುಗಿದ ವಿದ್ಯುತ್ತಿನ ಪಾಠ ನಿಮಗೆ ತಪ್ಪಿಯೇ ಹೋಗುತ್ತದೆ. ಹಾಗೆ ತಪ್ಪಿದ ಪೇಪರನ್ನು ಪ್ರತ್ಯೇಕವಾಗಿ ಬರೆಯಿರಿ ಎಂದು ಹೇಳಬಹುದು. ಭಾಷಾ ಪಠ್ಯವೂ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ.

ಈ ತಾಳೆ ನೋಡುವ ಕೆಲಸವನ್ನು ನೀವೇ ಮೊದಲು ಮಾಡಿ. ಒಂದು ಹಾಳೆಗೆ ನಡುವೆ ಗೆರೆ ಎಳೆದು, ಎಡಕ್ಕೆ ಓದಿದ್ದು, ಬಲಕ್ಕೆ ಹೊಸ ವಿಶ್ವವಿದ್ಯಾಲಯ ಕೇಳುವುದು. ಹೊಂದದ ಘಟಕಗಳನ್ನು ಪ್ರಾಮಾಣಿಕವಾಗಿ ಗುರುತಿಸಿ, ಅವನ್ನು ಬರೆದು ಮುಗಿಸಲು ಸಿದ್ಧ ಎಂದು ಕೆಳಗೆ ಸೇರಿಸಿ. ಪಠ್ಯಕ್ರಮದ ಪ್ರತಿ ಪುಟಕ್ಕೂ ಹಳೆಯ ಕಾಲೇಜಿನ ಮೊಹರು ಬೀಳಲಿ.

ಕ್ರೆಡಿಟ್ ಬ್ಯಾಂಕ್ ಇದೆಯಲ್ಲ ಎನ್ನಬಹುದು. ಯುಜಿಸಿ 2021ರಲ್ಲಿ ತಂದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ಅವರ ಖಾತೆಯಲ್ಲಿ ಇಡುತ್ತದೆ. ಒಳ್ಳೆಯ ವ್ಯವಸ್ಥೆ, ಅದು ಬೇಕಿತ್ತು. ಆದರೆ ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ, ಪಠ್ಯಕ್ರಮ ಹೊಂದುವುದೂ ಇಲ್ಲ.

ಮೂರು ಕಾಗದಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ನಿರಾಕ್ಷೇಪಣಾ ಪತ್ರ ‘ಹೋಗಲು ನಮ್ಮ ಅಡ್ಡಿಯಿಲ್ಲ’ ಎನ್ನುತ್ತದೆ. ಅದನ್ನು ಪಡೆದರೂ ನೀವು ಹಳೆಯ ಕಾಲೇಜಿನವರೇ. ಟಿ.ಸಿ. ಕೊಡುವುದು ಕಾಲೇಜು, ಕೊಟ್ಟ ದಿನವೇ ನಿಮ್ಮ ಹೆಸರು ಅಲ್ಲಿಂದ ತೆಗೆಯುತ್ತಾರೆ. ಮೈಗ್ರೇಷನ್ ಸರ್ಟಿಫಿಕೇಟ್ ಕೊಡುವುದು ವಿಶ್ವವಿದ್ಯಾಲಯ. ಅರ್ಜಿಯ ಜೊತೆ ಹೋಗಬೇಕಾದದ್ದು ಮೊದಲನೆಯದು ಮಾತ್ರ.

‘ಪ್ರವೇಶ ನೀಡಬೇಕೆಂದು ಕೋರುತ್ತೇನೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ, ಕ.ಖ.ಗ.’

ದಿನಾಂಕ, ಫೋನ್ ನಂಬರ್, ನೋಂದಣಿ ಸಂಖ್ಯೆ ಇರಲಿ. ಇನ್ನೊಂದು ಪ್ರತಿ ಒಯ್ದು ಟಪಾಲು ವಿಭಾಗದ ಮೊಹರು ಹಾಕಿಸಿಕೊಂಡು ಬನ್ನಿ. ‘ಆಗುತ್ತೆ ಬಿಡಿ, ನೋಡೋಣ’ ಎಂದು ಬಾಯಿಮಾತಿನಲ್ಲಿ ಎಷ್ಟೇ ಭರವಸೆ ಸಿಕ್ಕಿದರೂ, ಹೊಸ ವಿಶ್ವವಿದ್ಯಾಲಯದ ಒಪ್ಪಿಗೆ ಪತ್ರ ಕೈಗೆ ಬರುವ ತನಕ ಹಳೆಯ ಕಾಲೇಜಿನಲ್ಲಿ ಟಿ.ಸಿ. ಕೇಳಬೇಡಿ.