ವಾಷಿಂಗ್ಟನ್ನಿನ ಭಾವಪಂಥ

ಒಂಟಿತನವನ್ನು ಹಾಡುವವನು ತನ್ನ ಹಾಡಿಗೆ ಇನ್ನೊಬ್ಬನ ಕಿವಿಯನ್ನು ಬಯಸಿದೊಡನೆಯೇ ತನ್ನ ವಸ್ತುವಿಗೆ ತಾನೇ ಭಂಗ ತಂದುಕೊಳ್ಳುವನೋ, ಅಥವಾ ಆ ಬಯಕೆಯೇ ಆ ಹಾಡಿನ ಪ್ರಾಣವೋ ಎಂಬ ಪ್ರಶ್ನೆ ಭಾವಗೀತೆಯಷ್ಟೇ ಪ್ರಾಚೀನವಾದುದು. ಕವಿಯ ಶೋಕವು ಅವನ ಸ್ವಂತದ ಶೋಕವಾಗಿಯೇ ಉಳಿದರೆ ಅದು ಕೇವಲ ಲೌಕಿಕವೆಂದೂ, ನನ್ನದು ಅವನದು ಎಂಬ ಮೇರೆಯನ್ನು ಮೀರಿ ಸಾಧಾರಣೀಕೃತವಾದಾಗ ಮಾತ್ರ ಅದು ಸಹೃದಯನಲ್ಲಿ ರಸವಾಗಿ ಪರಿಣಮಿಸುವುದೆಂದೂ ನಮ್ಮ ಆಲಂಕಾರಿಕರು ಇದಕ್ಕೆ ಉತ್ತರವಿತ್ತರು. ಭಟ್ಟನಾಯಕನು ಮಂಡಿಸಿ ಅಭಿನವಗುಪ್ತನು ಬೆಳೆಸಿದ ಈ ತತ್ತ್ವವನ್ನು, ಅಮೆರಿಕದ ರಾಜಧಾನಿಯಲ್ಲಿ 1980ರ ದಶಕದ ತರುಣರು ಕಟ್ಟಿದ ಒಂದು ರಾಕ್ ಪಂಥಕ್ಕೆ ಅನ್ವಯಿಸಿ ನೋಡುವುದು ಕೆಲವರಿಗೆ ಅತಿಸಾಹಸವೆಂದು ತೋರಬಹುದು. ಆದರೆ ಆ ಪಂಥದ ಶ್ರೇಷ್ಠ ಕೃತಿಯನ್ನು ಬಹುಕಾಲದಿಂದ ಪ್ರೀತಿಯಿಂದ ಕೇಳುತ್ತ ಬಂದಿರುವ ನನಗೆ, ಅದರ ಗುಣದೋಷಗಳನ್ನು ಅಳೆಯಲು ಇದಕ್ಕಿಂತ ಸಮರ್ಪಕವಾದ ಮಾನದಂಡ ಬೇರೊಂದು ದೊರೆತಿಲ್ಲ.

ಆ ಕೃತಿ 'ರೈಟ್ಸ್ ಆಫ್ ಸ್ಪ್ರಿಂಗ್' ಎಂಬ ತಂಡವು ತನ್ನ ಹೆಸರಿನಿಂದಲೇ 1985ರ ಜೂನ್ ತಿಂಗಳಲ್ಲಿ ಹೊರತಂದ ಆಲ್ಬಮ್. ಸ್ಟ್ರಾವಿನ್‌ಸ್ಕಿಯ 1913ರ ಪ್ರಸಿದ್ಧ ನೃತ್ಯಸಂಗೀತವನ್ನು ನೆನಪಿಸುವ ಹೆಸರನ್ನು ಧರಿಸಿದ ಈ ತಂಡದಲ್ಲಿದ್ದವರು ನಾಲ್ವರು: ಹಾಡುಗಾರನೂ ಗಿಟಾರ್ ವಾದಕನೂ ಆದ ಗೈ ಪಿಚೊಟ್ಟೊ, ಎರಡನೆಯ ಗಿಟಾರ್ ಹಿಡಿದ ಎಡ್ಡಿ ಜ್ಯಾನಿ, ಬೇಸ್ ನುಡಿಸಿದ ಮೈಕ್ ಫೆಲೋಸ್, ಡ್ರಮ್ಸ್ ಬಾರಿಸಿದ ಬ್ರೆಂಡನ್ ಕ್ಯಾಂಟಿ. ಅದೇ ವರ್ಷದ ಫೆಬ್ರವರಿಯಲ್ಲಿ, ಪೊಟೋಮ್ಯಾಕ್ ನದಿಯ ಆಚೆ ದಡದ ಆರ್ಲಿಂಗ್ಟನ್ನಿನಲ್ಲಿ ಡಾನ್ ಝಿಯೆಂಟಾರ ಎಂಬುವರು ತಮ್ಮ ಮನೆಯ ನೆಲಮಾಳಿಗೆಯಲ್ಲಿ ನಡೆಸುತ್ತಿದ್ದ 'ಇನ್ನರ್ ಇಯರ್' ಸ್ಟುಡಿಯೋದಲ್ಲಿ ಇದರ ಧ್ವನಿಮುದ್ರಣವಾದಾಗ ಪಿಚೊಟ್ಟೊನಿಗೆ ಕೇವಲ 19 ವರ್ಷ. ಕೆಲವೇ ಕಛೇರಿಗಳನ್ನು ನಡೆಸಿ ಮರುವರ್ಷದ ಆರಂಭದಲ್ಲಿಯೇ ತಂಡವು ಚದುರಿಹೋಯಿತು. ಆದರೂ ಮುಂದಿನ ಮೂರು ದಶಕಗಳಲ್ಲಿ ಹಾಡುಗಾರನು ತನ್ನ ಅಂತರಂಗವನ್ನು ಮುಚ್ಚುಮರೆಯಿಲ್ಲದೆ ತೆರೆದಿಡುವ ರಾಕ್ ಸಂಗೀತವು ಎಲ್ಲೆಲ್ಲಿ ಹುಟ್ಟಿತೋ ಅಲ್ಲೆಲ್ಲ ಈ ಹನ್ನೆರಡು ಹಾಡುಗಳನ್ನು ಮೂಲವೆಂದು ಸ್ಮರಿಸುವ ಪದ್ಧತಿ ಬೆಳೆದುಬಂದಿದೆ.

ಈ ಕೃತಿಗೆ ಹಿನ್ನೆಲೆಯಾಗಿ ನಿಂತ ಸಂಸ್ಥೆ 'ಡಿಸ್ಕಾರ್ಡ್ ರೆಕಾರ್ಡ್ಸ್'. ಇಯನ್ ಮಕಾಯ್, ಜೆಫ್ ನೆಲ್ಸನ್ ಮೊದಲಾದ ಗೆಳೆಯರು, ತಮ್ಮ 'ಟೀನ್ ಐಡಲ್ಸ್' ತಂಡವು ಮುರಿದುಬಿದ್ದಾಗ, ಅದುವರೆಗಿನ ಕಛೇರಿಗಳಿಂದ ಕೂಡಿಟ್ಟಿದ್ದ ಅಲ್ಪ ಹಣವನ್ನು ಹಂಚಿಕೊಂಡು ಬೇರೆಯಾಗುವುದಕ್ಕೆ ಬದಲಾಗಿ ತಮ್ಮ ಹಾಡುಗಳ ಒಂದು ಪುಟ್ಟ ರೆಕಾರ್ಡನ್ನು ಹೊರಡಿಸಲು ನಿಶ್ಚಯಿಸಿದ್ದರಿಂದ 1980ರಲ್ಲಿ ಇದು ಹುಟ್ಟಿತು. ಆ ಮೊದಲ ರೆಕಾರ್ಡಿನ ಹೊದಿಕೆಗಳನ್ನು ಅವರು ತಾವೇ ಕತ್ತರಿಸಿ, ಮಡಿಸಿ, ಅಂಟಿಸಿದರು. ವಾಷಿಂಗ್ಟನ್ನಿನ ತಂಡಗಳನ್ನಲ್ಲದೆ ಬೇರೆಯವರ ಸಂಗೀತವನ್ನು ಪ್ರಕಟಿಸುವುದಿಲ್ಲವೆಂಬುದು, ಲಿಖಿತ ಕರಾರುಗಳನ್ನು ಮಾಡಿಕೊಳ್ಳುವುದಿಲ್ಲವೆಂಬುದು, ಬೆಲೆಯನ್ನು ವಿದ್ಯಾರ್ಥಿಗಳ ಕೈಗೆಟಕುವಂತೆ ಇಡಬೇಕೆಂಬುದು ಆ ಸಂಸ್ಥೆಯ ನಡೆಯಾಯಿತು. ಮಕಾಯ್‌ನ 'ಮೈನರ್ ಥ್ರೆಟ್' ತಂಡವು 1980ರಿಂದ 1983ರವರೆಗೆ ಹಾಡಿದ ಹಾಡುಗಳಲ್ಲಿ ಭಾವವಿದ್ದರೂ ಅದರಲ್ಲಿ ರೋಷದ ಪಾಲೇ ಹೆಚ್ಚು: ಮದ್ಯವನ್ನು ನಿರಾಕರಿಸುವ ರೋಷ, ಹಿರಿಯರ ಕಾಪಟ್ಯವನ್ನು ಖಂಡಿಸುವ ರೋಷ. ಆದರೆ ರೋಷವು ಬೇಗನೆ ಅನುಕರಣೆಗೆ ಸಿಕ್ಕುವ ಭಾವವಾದುದರಿಂದ, 1984ರ ವೇಳೆಗೆ ಕಛೇರಿಗಳು ಹೊಡೆದಾಟದ ಅಖಾಡಗಳಾಗಿ, ಅವುಗಳನ್ನು ಹುಟ್ಟುಹಾಕಿದವರೇ ಅಲ್ಲಿಗೆ ಹೋಗಲು ಹೇಸುವಂತಾಯಿತು. ತಾವು ಕಟ್ಟಿದ ಮನೆಯಲ್ಲಿ ತಾವೇ ಪರಕೀಯರಾದವರ ಒಂಟಿತನ ಯಾವುದುಂಟೋ, ಅದರಿಂದಲೇ ಈ ಪಂಥದ ಎರಡನೆಯ ಘಟ್ಟ ಉದಯಿಸಿತು. 1985ರ ಬೇಸಿಗೆಯನ್ನು 'ಕ್ರಾಂತಿಯ ಬೇಸಿಗೆ' ಎಂದು ಅವರು ಕರೆದುಕೊಂಡರು. ಒಂದು ಕಡೆ ಅಂತರಂಗವನ್ನು ಶೋಧಿಸುವ ಹಾಡುಗಳು, ಇನ್ನೊಂದು ಕಡೆ ವರ್ಣಭೇದನೀತಿಯನ್ನು ವಿರೋಧಿಸಿ ದಕ್ಷಿಣ ಆಫ್ರಿಕದ ರಾಯಭಾರ ಕಚೇರಿಯ ಎದುರಿಗೆ ಡ್ರಮ್ಮುಗಳನ್ನು ಬಾರಿಸುತ್ತ ನಡೆಸಿದ ಪ್ರತಿಭಟನೆ, ಎರಡೂ ಅದೇ ಋತುವಿನ ಫಲಗಳು.

ಆಲ್ಬಮ್ಮನ್ನು ಕೇಳುವವನಿಗೆ ಪ್ರಥಮತಃ ವೇದ್ಯವಾಗುವುದು ಕಂಠ. ಪಿಚೊಟ್ಟೊನ ಧ್ವನಿ ಶಿಕ್ಷಿತವಾದುದಲ್ಲ. ಹಾಡಿನ ಆರಂಭದಲ್ಲಿ ಸ್ವರವನ್ನು ಹಿಡಿದಿಟ್ಟುಕೊಂಡಿರುವ ಅದು, ಭಾವದ ಒತ್ತಡ ಹೆಚ್ಚಿದಂತೆಲ್ಲ ಒಡೆದು, ಬಿರಿದು, ಕೆಲವೆಡೆ ಉಸಿರು ಮಾತ್ರವೇ ಆಗಿ ಉಳಿಯುತ್ತದೆ. ಆದರೆ ಈ ಒಡೆತಕ್ಕೆ ಹಿಂಬದಿಯಾಗಿ ಕ್ಯಾಂಟಿಯ ಡ್ರಮ್ಸ್ ಅತ್ಯಂತ ನಿಖರವಾಗಿ ಲಯವನ್ನು ಹೊತ್ತು ನಡೆಯುವುದನ್ನೂ, ಎರಡು ಗಿಟಾರುಗಳು ಹಿಂದಿನ ಹಾರ್ಡ್‌ಕೋರ್ ಎಂಬ ಅತಿವೇಗದ ಪಂಕ್ ಸಂಗೀತದಲ್ಲಿದ್ದಂತೆ ಒಂದೇ ಗೋಡೆಯಾಗದೆ ಪರಸ್ಪರ ಸಂವಾದ ನಡೆಸುವುದನ್ನೂ ಗಮನಿಸಿದರೆ, ಇಲ್ಲಿನ ಉದ್ವೇಗವು ಅನಿಯಂತ್ರಿತವಾದುದೆಂಬ ಆಕ್ಷೇಪ ನಿಲ್ಲುವುದಿಲ್ಲ. 'ಫಾರ್ ವಾಂಟ್ ಆಫ್' ಎಂಬ ಹಾಡಿನಲ್ಲಿ ಮರೆತೆನೆಂದು ನಂಬಿದ ನೆನಪು ಮರಳಿ ಬಂದು ಹಾಡುಗಾರನನ್ನು ಹಿಡಿಯುತ್ತದೆ. 'ಹೇನ್ಸ್ ಪಾಯಿಂಟ್' ಎಂಬುದು ರಾಜಧಾನಿಯಲ್ಲಿ ನೀರಿನ ನಡುವೆ ಚಾಚಿಕೊಂಡ ಭೂಶಿರದ ಹೆಸರು. ನೆಲವನ್ನು ಸೀಳಿ ಮೇಲೇಳಲು ಹೆಣಗುತ್ತಿರುವ ದೈತ್ಯಪುರುಷನ ಶಿಲ್ಪವೊಂದು ಆ ಕಾಲಕ್ಕೆ ಅಲ್ಲಿಯೇ ಇದ್ದಿತು. ಸ್ಮಾರಕಗಳಿಂದಲೂ ಕಚೇರಿಗಳಿಂದಲೂ ತುಂಬಿದ ನಗರದಲ್ಲಿ, ಸರಕಾರಕ್ಕೆ ಸಂಬಂಧಿಸದ ಒಂದು ನೋವಿಗೂ ನೆಲೆಯುಂಟೆಂಬುದನ್ನು ಆ ಒಂದು ಸ್ಥಳನಾಮವೇ ಸೂಚಿಸುತ್ತದೆ. ಏಳು ನಿಮಿಷಗಳನ್ನು ಮೀರಿ ಸಾಗುವ ಕೊನೆಯ ಹಾಡು 'ಎಂಡ್ ಆನ್ ಎಂಡ್', ಪುನರಾವೃತ್ತಿಯಿಂದಲೇ ಆವೇಶವನ್ನು ಬೆಳೆಸುವ ನಮ್ಮ ಭಜನೆಯ ಕ್ರಮವನ್ನು ನನಗೆ ಪ್ರತಿಸಲವೂ ಜ್ಞಾಪಕಕ್ಕೆ ತರುತ್ತದೆ.

ಹಾಡುಗಳ ಸಾಹಿತ್ಯವನ್ನು ಮಾತ್ರ ಬಿಡಿಸಿ ಓದಿದರೆ ಅದರಲ್ಲಿ ದೋಷಗಳು ತೋರುವುದುಂಟು. ಯಾರ ವಿಯೋಗ, ಯಾವ ಗಾಯ, ಎಂದಿನ ಮಾತು ಎಂಬುದೊಂದೂ ಸ್ಪಷ್ಟವಾಗದೆ, ಭಾವಕ್ಕೆ ಕಾರಣವಾದ ವಿಭಾವವೇ ಇಲ್ಲದೆ ಅದರ ಹೊರಗುರುತಾದ ಅನುಭಾವವು ಮಾತ್ರ ಎದುರಿಗೆ ನಿಂತಂತಾಗುತ್ತದೆ. ಕಥೆಯಿಲ್ಲ, ಪಾತ್ರವಿಲ್ಲ, ಪ್ರತಿಮೆಗಳೂ ವಿರಳ. ಕಾವ್ಯವು ತನ್ನೊಳಗೆ ಒದಗಿಸಿಕೊಳ್ಳಬೇಕಾದ ಸಾಮಗ್ರಿಯಿಲ್ಲದೆಯೂ ಇದು ಸಾಧಾರಣೀಕರಣವನ್ನು ಹೇಗೆ ಸಾಧಿಸಿತು? ಇದಕ್ಕೆ ಉತ್ತರವನ್ನು ಕೃತಿಯೊಳಗಲ್ಲ, ಅದು ಹಾಡಲ್ಪಟ್ಟ ಸಭೆಯಲ್ಲಿ ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹೆಂಡ ಮಾರಾಟದ ಲಾಭಕ್ಕಾಗಿ ಎಳೆಯರನ್ನು ಹೊರಗಿಡದ, ಹಣವಿಲ್ಲದವನನ್ನು ದೂರವಿಡದ, ವೇದಿಕೆಯ ಮೇಲಿರುವವನಿಗೂ ಕೆಳಗಿರುವವನಿಗೂ ಹೆಚ್ಚಿನ ಅಂತರವನ್ನು ಒಪ್ಪದ ಒಂದು ಸಭೆಯನ್ನು ಆ ತರುಣರು ಮೊದಲು ಕಟ್ಟಿಕೊಂಡಿದ್ದರು. ಆ ಸಭೆಯ ನಡತೆಯೇ ಹಾಡಿಗೆ ವಿಭಾವವಾಯಿತು. ಹಾಡುಗಾರನು ಬಿಟ್ಟ ರಿಕ್ತಸ್ಥಾನದಲ್ಲಿ ಕೇಳುಗನು ತನ್ನ ದುಃಖವನ್ನು ಅಳುಕಿಲ್ಲದೆ ಇಟ್ಟುಕೊಂಡನು.

ಕನ್ನಡಿಗರಿಗೆ ಇದು ಅಪರಿಚಿತವಾದ ತತ್ತ್ವವಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಕ್ಕಮಹಾದೇವಿಯ ವಾಣಿಗಿಂತ ಏಕಾಕಿಯಾದ ವಾಣಿ ಮತ್ತೊಂದಿಲ್ಲ. ಆದರೂ ಆ ವಾಣಿ ಕಾಯಕ ದಾಸೋಹಗಳ ವ್ರತವನ್ನು ಹಿಡಿದ ಒಂದು ಸಮುದಾಯದ ಆಸ್ತಿಯಾಗಿ ನಮಗೆ ಉಳಿದುಬಂದಿತು. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅವಳನ್ನು ಪ್ರಶ್ನಿಸುತ್ತಾನೆ, ಪರೀಕ್ಷಿಸುತ್ತಾನೆ, ಕಡೆಗೆ ಗೌರವಿಸುತ್ತಾನೆ. ಖಾಸಗಿಯಾದ ಅನುಭವಕ್ಕೆ ಸಭೆಯ ಒರೆಗಲ್ಲು ಇದ್ದುದರಿಂದಲೇ ಅದು ಅನುಭಾವವಾಗಿ ಏರಿತು. ಆಧ್ಯಾತ್ಮಿಕ ಗುರಿಯಾಗಲಿ, ಭಾಷೆಯ ಪ್ರೌಢಿಮೆಯಾಗಲಿ ವಾಷಿಂಗ್ಟನ್ನಿನ ತರುಣರಲ್ಲಿ ಆ ಮಟ್ಟಕ್ಕೆ ಇದ್ದಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಅಂತರಂಗದ ಮಾತು ಸತ್ಯವಾಗಿ ಉಳಿಯಬೇಕಾದರೆ ಬಹಿರಂಗದ ಬಾಳು ಅದಕ್ಕೆ ಅನುರೂಪವಾಗಿರಬೇಕೆಂಬ ಶ್ರದ್ಧೆ ಎರಡು ಕಡೆಗೂ ಸಮಾನ.

ಈ ಶ್ರದ್ಧೆ ಪರಿಪಾಕಕ್ಕೆ ಬಂದುದು 1987ರಲ್ಲಿ ಸ್ಥಾಪಿತವಾದ 'ಫುಗಾಜಿ' ತಂಡದಲ್ಲಿ. ಮಕಾಯ್, ಕ್ಯಾಂಟಿ, ಜೋ ಲ್ಯಾಲಿ ಇವರೊಡನೆ ಪಿಚೊಟ್ಟೊನೂ ಸೇರಿದ ಈ ತಂಡ, ವಿಶ್ವಖ್ಯಾತಿ ಬಂದ ಮೇಲೆಯೂ ಸಾಮಾನ್ಯವಾಗಿ ಐದು ಡಾಲರಿನ ಆಸುಪಾಸಿನಲ್ಲಿಯೇ ಪ್ರವೇಶದರವನ್ನು ಇರಿಸಿ, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದು, ತನ್ನ ಹೆಸರಿನ ಅಂಗಿಗಳನ್ನು ಮಾರದೆ, ಕೇಳುಗರು ಪರಸ್ಪರ ನೋಯಿಸತೊಡಗಿದರೆ ಹಾಡನ್ನೇ ನಿಲ್ಲಿಸಿ ಬುದ್ಧಿ ಹೇಳುತ್ತಿತ್ತು. 1990ರ 'ರಿಪೀಟರ್'ನಿಂದ 2001ರ 'ದಿ ಆರ್ಗ್ಯುಮೆಂಟ್'ವರೆಗಿನ ಅದರ ಆಲ್ಬಮ್ಮುಗಳಲ್ಲಿ ಸ್ವಂತದ ವೇದನೆ ಲೋಕದ ವೇದನೆಯೊಡನೆ ಬೆಸೆದುಕೊಂಡಿದೆ. ಶಿಲ್ಪದ ದೃಷ್ಟಿಯಿಂದ ಫುಗಾಜಿ ಹಿರಿದೆಂದು ಒಪ್ಪುವ ನಾನು, ಒಂಟಿತನದ ನೇರವಾದ ಸ್ಪರ್ಶಕ್ಕಾಗಿ ಈಗಲೂ 1985ರ ಆ ಕೃತಿಗೇ ಮರಳುತ್ತೇನೆ.

ಪಂಥದ ಇತಿಮಿತಿಗಳನ್ನು ಮರೆಮಾಚುವುದು ಅಭಿಮಾನಿಗೆ ಭೂಷಣವಲ್ಲ. ಈ ನಗರಕ್ಕೆ ಹಾರ್ಡ್‌ಕೋರ್ ವೇಗವನ್ನು ಕಲಿಸಿದವರು 'ಬ್ಯಾಡ್ ಬ್ರೇನ್ಸ್' ಎಂಬ ಕರಿಯ ತರುಣರು. 1980ರ ಜನಗಣತಿಯಂತೆ ನಗರದ ನೂರಕ್ಕೆ 70ರಷ್ಟು ಜನ ಕರಿಯರು. ಹೀಗಿದ್ದೂ ಈ ಪಂಥದ ಸಭೆಯಲ್ಲಿ ಬಿಳಿಯ ಮಧ್ಯಮವರ್ಗದ ಹುಡುಗರೇ ಬಹುಸಂಖ್ಯಾತರಾಗಿದ್ದರು. 1983ರಲ್ಲಿ ಮೈನರ್ ಥ್ರೆಟ್ ತನ್ನ ಕೊನೆಯ ಕಛೇರಿಯನ್ನು 'ಟ್ರಬಲ್ ಫಂಕ್' ಎಂಬ, ನಗರದ ಕರಿಯರ 'ಗೋ-ಗೋ' ಸಂಗೀತದ ತಂಡದೊಂದಿಗೆ ನಡೆಸಿದಂತಹ ಪ್ರಸಂಗಗಳು ವಿರಳವಾಗಿಯೇ ಉಳಿದವು. 'ಚಾಕ್ ಸರ್ಕಲ್', 'ಫೈರ್ ಪಾರ್ಟಿ' ಮೊದಲಾದ ಮಹಿಳಾ ತಂಡಗಳಿದ್ದರೂ ಚರಿತ್ರೆಯ ಕೇಂದ್ರದಲ್ಲಿ ನಿಂತುದು ಗಂಡಸರ ದುಃಖವೇ. ಈ ದೋಷ ಉತ್ತರಾಧಿಕಾರಿಗಳಲ್ಲಿ ಇನ್ನೂ ಬೆಳೆಯಿತು. 'ಇಮೋ' ಎಂದು ಮಾರುಕಟ್ಟೆ ಕರೆದ ಮುಂದಿನ ತಲೆಮಾರಿನವರಲ್ಲಿ ಪ್ರತಿಭಾವಂತರಿದ್ದರು; ಸಿಯಾಟಲ್ ನಗರದ 'ಸನ್ನಿ ಡೇ ರಿಯಲ್ ಎಸ್ಟೇಟ್' ತಂಡದ 1994ರ 'ಡೈರಿ' ನಿಜವಾಗಿಯೂ ಸುಂದರವಾದ ಕೃತಿ. ಆದರೆ ಅನೇಕರು ಕಂಠದ ಒಡೆತವನ್ನು ಕಲಿತರೇ ಹೊರತು ಸಭೆಯ ವ್ರತವನ್ನು ಕಲಿಯಲಿಲ್ಲ. ವ್ರತವಿಲ್ಲದ ಆರ್ತನಾದವು ಆತ್ಮಾನುಕಂಪವಾಗಿ, ತನ್ನನ್ನು ತೊರೆದ ಹೆಣ್ಣಿನ ಮೇಲಿನ ದೂರಾಗಿ ಇಳಿದುದನ್ನು ಆ ಕಾಲದ ಎಷ್ಟೋ ಹಾಡುಗಳಲ್ಲಿ ಕಾಣಬಹುದು.

ನಮ್ಮಲ್ಲಿ ಸಭೆ ಬೇರೆ ಬಗೆಯಿಂದ ಒದಗಿಬಂದಿತು. ನವೋದಯದ ಕವಿ ಏಕಾಂತದಲ್ಲಿ ಬರೆದುದನ್ನು ಕಾಳಿಂಗರಾಯರೂ, ಮೈಸೂರು ಅನಂತಸ್ವಾಮಿಯವರೂ, ಅಶ್ವತ್ಥರೂ ಸಭೆಯಲ್ಲಿ ಹಾಡಿದಾಗ, ಬರೆದವನ ದುಃಖವನ್ನು ಬೇರೊಬ್ಬನು ವಹಿಸಿಕೊಂಡ ಆ ಕ್ಷಣದಲ್ಲಿಯೇ ಅದು ಎಲ್ಲರದಾಗುತ್ತಿತ್ತು. ಭಾವಗೀತೆಯ ಕೋಮಲತೆ ಕಾಲಕ್ಕೆ ಸಾಲದೆಂದು ಅಡಿಗರು 1954ರ 'ಚಂಡೆಮದ್ದಳೆ'ಯಲ್ಲಿ ಕರ್ಕಶವಾದ ನಾದವನ್ನು ಬರಮಾಡಿಕೊಂಡರು. ಆದರೆ ಆ ಕರ್ಕಶ ಕಾವ್ಯ ಬಹುಮಟ್ಟಿಗೆ ಓದುವ ಕಾವ್ಯವಾಗಿ, ಒಬ್ಬೊಬ್ಬನ ಕೋಣೆಯಲ್ಲಿ ಉಳಿಯಿತು. ನವ್ಯದ ಒಂಟಿತನವನ್ನು ಸಭೆಯಲ್ಲಿ ನಿಂತು ಕೂಗಿ ಹಾಡುವ ಸಂಪ್ರದಾಯ ನಮ್ಮಲ್ಲಿ ಬಲವಾಗಿ ಬೆಳೆಯಲಿಲ್ಲವೆಂದು ನನಗೆ ತೋರುತ್ತದೆ. ಆ ಅಭಾವವನ್ನು ಬಲ್ಲ ಕನ್ನಡಿಗನು ರೈಟ್ಸ್ ಆಫ್ ಸ್ಪ್ರಿಂಗನ್ನು ಕೇಳಿದರೆ, ಅದು ಅವನಿಗೆ ದೂರದ ಸಂಗೀತವೆನಿಸಲಾರದು.

ವಾಷಿಂಗ್ಟನ್ನಿನ ಉತ್ತರಕ್ಕೆ, ಮೇರಿಲ್ಯಾಂಡಿನಲ್ಲಿ ನಾನು ವಾಸಿಸುವ ಕ್ಲಾರ್ಕ್ಸ್‌ಬರ್ಗ್ 2000ದ ಜನಗಣತಿಯಲ್ಲಿ ಎರಡು ಸಾವಿರವನ್ನೂ ಮುಟ್ಟದ ಊರು. 2020ರಲ್ಲಿ ಇಲ್ಲಿಯ ಜನ ಸುಮಾರು 29 ಸಾವಿರ. ಹೊಲಗಳಿದ್ದಲ್ಲಿ ಸಾಲುಮನೆಗಳೆದ್ದು, ಬಹುಮಂದಿ ಬೇರೆ ಊರು, ಬೇರೆ ದೇಶಗಳಿಂದ ಬಂದು ನೆಲಸಿ, ಬೆಳಗಾದರೆ 270ರ ಹೆದ್ದಾರಿಯಲ್ಲಿ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ದಕ್ಷಿಣಕ್ಕೆ ಸಾಗುತ್ತಾರೆ. ಕನ್ನಡ ಕುಟುಂಬಗಳೂ ಇವೆ. ಯುಗಾದಿಯೂ ರಾಜ್ಯೋತ್ಸವವೂ ನಡೆಯುತ್ತವೆ, ಮಕ್ಕಳು ಹಾಡುತ್ತಾರೆ, ಊಟ ಸೊಗಸಾಗಿರುತ್ತದೆ. ಈ ಸಂಭ್ರಮಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ತಾಯಿಯ ಅಂತ್ಯಕಾಲಕ್ಕೆ ತಲುಪಲಾರದವನು, ಕೆಲಸ ಕಳೆದುಕೊಂಡುದನ್ನು ಮನೆಯವರಿಗೆ ಹೇಳಲಾರದವನು, ಮನೆಯ ಭಾಷೆಗೂ ಶಾಲೆಯ ಭಾಷೆಗೂ ನಡುವೆ ನಿಂತ ಹದಿನಾರರ ಹುಡುಗಿ, ಇವರ ಮಾತಿಗೆ ನಮ್ಮ ಕಾರ್ಯಕ್ರಮಪಟ್ಟಿಯಲ್ಲಿ ಎಡೆಯಿಲ್ಲ. ನಮ್ಮ ಊರಿನಿಂದ ಒಂದು ಗಂಟೆಯ ಹಾದಿಯಲ್ಲಿ, ಕೈಯಲ್ಲಿ ಹೆಚ್ಚು ಹಣವಿಲ್ಲದ, ಇಪ್ಪತ್ತು ತುಂಬದ ಹುಡುಗರು ಅಂತಹ ಮಾತಿಗೆ ಸಭೆಯೊಂದನ್ನು ಕಟ್ಟಿ ತೋರಿಸಿದರು. ದುಃಖವನ್ನು ಹೇಳಿಕೊಳ್ಳುವುದಕ್ಕೆ ಪ್ರತಿಭೆಗಿಂತ ಮೊದಲು ಬೇಕಾದುದು ಅದನ್ನು ಸಣ್ಣದು ಮಾಡದೆ ಕೇಳುವ ಜನ. ಅಂತಹ ಜನ ತಾವಾಗಿ ಒದಗುವುದಿಲ್ಲ, ಅವರನ್ನು ದುಡಿದು, ಹಂಚಿಕೊಂಡು, ಬಾಗಿಲನ್ನು ತೆರೆದಿಟ್ಟು ಸಂಪಾದಿಸಬೇಕು. ವಾಷಿಂಗ್ಟನ್ನಿನ ಭಾವಪಂಥದ ಸ್ಥಿರವಾದ ಮೌಲ್ಯ ಇದರಲ್ಲಿದೆ. ಅದರ ಹಾಡುಗಳನ್ನು ಮೆಚ್ಚದವರೂ ಈ ಒಂದು ಪಾಠವನ್ನು ಅದರಿಂದ ಸ್ವೀಕರಿಸಬಹುದು, ಸ್ವೀಕರಿಸಬೇಕು.