ಮೂವತ್ತೈದು ಹೇಗೆ ಬಂತು?

52ರಲ್ಲಿ 27 ಕಳೆದರೆ 25. ನಾಲ್ಕನೇ ಇಯತ್ತೆಯ ಎಷ್ಟೋ ಮಕ್ಕಳು 35 ಎಂದು ಬರೆಯುತ್ತಾರೆ. ಕೆಂಪು ಶಾಯಿಯ ಪೆನ್ನಿಗೆ ಆ 35ಗಳೆಲ್ಲ ಒಂದೇ ತಪ್ಪು. ಆದರೆ ಒಂದು ಮಗು ಎರಡರಲ್ಲಿ ಏಳು ಹೋಗುವುದಿಲ್ಲವೆಂದು ಏಳರಲ್ಲೇ ಎರಡನ್ನು ಕಳೆದಿರುತ್ತದೆ. ಇನ್ನೊಂದು ಮಗು ಹತ್ತರ ಸ್ಥಾನದಿಂದ ಸರಿಯಾಗಿಯೇ ಸಾಲ ತಂದು, ಹನ್ನೆರಡರಲ್ಲಿ ಏಳು ಕಳೆದು, ಅಲ್ಲಿದ್ದ ಐದು ಈಗ ನಾಲ್ಕಾಗಿದೆ ಎಂಬುದನ್ನು ಮರೆತಿರುತ್ತದೆ. ಮೊದಲನೆಯ ಮಗುವಿಗೆ ಸ್ಥಾನಬೆಲೆಯೇ ತಿಳಿದಿಲ್ಲ. ಎರಡನೆಯದು ಒಂದೇ ಹೆಜ್ಜೆ ತಪ್ಪಿದೆ. 40ರಲ್ಲಿ 7 ಕಳೆ ಎಂದು ಕೇಳಿದರೆ ವ್ಯತ್ಯಾಸ ಹೊರಬೀಳುತ್ತದೆ. ಮೊದಲನೆಯದು 47 ಎನ್ನುತ್ತದೆ, ಎರಡನೆಯದು 43.

ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಷ್ಟು ಹಿಂದೆಯೇ ಇಂಥ ತಪ್ಪುಗಳ ಜಾಡು ಹಿಡಿದು ಬರೆದಿದ್ದರು. ಮಕ್ಕಳು ಮನಬಂದಂತೆ ತಪ್ಪುವುದು ಕಡಿಮೆ. ಯಾವುದೋ ತಪ್ಪು ನಿಯಮವನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತಿರುತ್ತಾರೆ. ಆ ನಿಯಮ ಯಾವುದೆಂದು ತಿಳಿಯಲು ಯಾರಾದರೂ ಒಬ್ಬೊಬ್ಬರನ್ನೇ ಕೇಳಬೇಕು.

ಕರ್ನಾಟಕದ ಶಾಲಾ ಶಿಕ್ಷಣ ಇಲಾಖೆ ಕೈಗೆತ್ತಿಕೊಂಡಿರುವ ‘ಗಣಿತ ಗಣಕ’ವನ್ನು ಈ ದೃಷ್ಟಿಯಿಂದಲೇ ಅಳೆಯಬೇಕು. ಸರ್ಕಾರಿ ಶಾಲೆಯ ಶಿಕ್ಷಕರು 3ರಿಂದ 5ನೇ ತರಗತಿಯ ಮಕ್ಕಳ ಮನೆಗೆ ಫೋನ್ ಮಾಡಿ, ಮಗು ಇರುವ ಹಂತ ನೋಡಿಕೊಂಡು, ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದನ್ನು ಒಬ್ಬರಿಗೊಬ್ಬರು ಹೇಳಿಕೊಡುವ ಯೋಜನೆ ಇದು. ಜೆ-ಪಾಲ್ ಸೌತ್ ಏಷ್ಯಾ, ಅಲೋಕಿತ್, ಯೂತ್ ಇಂಪ್ಯಾಕ್ಟ್ ಸಂಸ್ಥೆಗಳು ಜೊತೆಗಿವೆ. ಬೇರು ಆಫ್ರಿಕದ ಬೋಟ್ಸ್‌ವಾನಾದಲ್ಲಿದೆ. 2020ರಲ್ಲಿ ಕೋವಿಡ್‌ನಿಂದ ಅಲ್ಲಿನ ಶಾಲೆಗಳು ಮುಚ್ಚಿದಾಗ ಸುಮಾರು 4,500 ಕುಟುಂಬಗಳ ನಡುವೆ ಪ್ರಯೋಗ ನಡೆಯಿತು. ಬರೀ ಸಂದೇಶ ಕಳಿಸಿದಲ್ಲಿ ಕಲಿಕೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಸಂದೇಶದ ಜೊತೆಗೆ ವಾರಕ್ಕೊಮ್ಮೆ 15-20 ನಿಮಿಷ ಮಾತಾಡಿದಲ್ಲಿ ಏರಿತು. ಮುಂದೆ ಭಾರತ, ನೇಪಾಳ, ಕೀನ್ಯಾ, ಉಗಾಂಡಾ, ಫಿಲಿಪ್ಪೀನ್ಸ್‌ಗಳಲ್ಲೂ ಕರೆಗಳು ಫಲ ಕೊಟ್ಟವು.

ಬೋಟ್ಸ್‌ವಾನಾದ ಆ ಅಂತರವೇ ಇಲ್ಲಿ ಮುಖ್ಯ. ಎರಡೂ ಕಡೆ ಇದ್ದದ್ದು ಅದೇ ಮೊಬೈಲು. ಕೆಲಸ ಮಾಡಿದ್ದು ಕೇಳಿಸಿಕೊಳ್ಳುವ ಕಿವಿ.

ಸವದತ್ತಿಯಿಂದ ಬೇರ್ಪಟ್ಟು ತಾಲ್ಲೂಕಾದ ಯರಗಟ್ಟಿಯಂಥ ಊರಿಗೆ ಇದನ್ನು ತಂದು ನೋಡೋಣ. ಈ ಭಾಗದಲ್ಲಿ ಒಬ್ಬೊಬ್ಬರಿಗೆ ಲೆಕ್ಕ ಹೇಳಿಕೊಡುವುದೆಂದರೆ ಬಹುಮಟ್ಟಿಗೆ ಸಂಜೆಯ ಶಿಕವಣಿ. ಹೆಸರಿಗೆ ಮನೆಪಾಠ, ಒಂದು ಪಡಸಾಲೆಯಲ್ಲಿ ಬೇರೆ ಬೇರೆ ಇಯತ್ತೆಯ ಹತ್ತಾರು ಮಕ್ಕಳು, ಎದುರಿಗೆ ಸಾಲಿಯಲ್ಲಿ ಕೊಟ್ಟ ಮನೆಗೆಲಸ. ವಹಿ ತುಂಬಿದರೆ ತಂದೆತಾಯಿಗೆ ಸಮಾಧಾನ. ಮಗ್ಗಿ ಬಾಯಿಪಾಠವಾಗುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ 35 ಹೇಗೆ ಬಂತೆಂದು ಕೇಳಲು ಅಲ್ಲಿ ಬಿಡುವಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರಿಗೆ ಖಾಸಗಿ ಟ್ಯೂಷನ್ ನಿಷೇಧಿಸಿದೆ. ಅದು ಇರಲೇಬೇಕಾದ ನಿಷೇಧ. ಹಾಗಾಗಿ ಮಗುವನ್ನು ದಿನವೂ ನೋಡುವ ಅಕ್ಕೋರೇ ಕಾಸಿಲ್ಲದೆ, ಅಧಿಕೃತವಾಗಿ, ಸಂಜೆ ಫೋನ್ ಮಾಡುತ್ತಾರೆಂದರೆ ಶಿಕವಣಿಗೆ ದುಡ್ಡು ಕೊಡಲಾಗದ ಕೂಲಿಕಾರರ ಮನೆಗೆ ಅದು ದೊಡ್ಡ ಮಾತು.

ಫೋನಿಗೆ ತನ್ನದೇ ಒಂದು ಗುಣವೂ ಇದೆ. ಪಾಟಿ ಕಾಣುವುದಿಲ್ಲವಾದ್ದರಿಂದ ಮಗು ಲೆಕ್ಕವನ್ನು ಬಾಯಿಬಿಟ್ಟು ಹೇಳಲೇಬೇಕು. “ಎರಡರಾಗ ಏಳು ಹೋಗ್ತಾವೇನವಾ?” “ಇಲ್ರೀ ಅಕ್ಕೋರೇ, ಅದಕ್ಕ ಏಳರಾಗ ಎರಡ ಕಳದ್ನಿರಿ.” ನಲವತ್ತು ಜನರೆದುರು ಈ ಹುಡುಗಿ ಹೀಗೆ ಹೇಳುವುದು ಕಷ್ಟ, ನಗುವವರಿರುತ್ತಾರೆ. ಅಡುಗೆಮನೆಯ ಮೂಲೆಯಲ್ಲಿ ಕೂತು ಹೇಳುತ್ತಾಳೆ. ಅವ್ವನೂ ಕೇಳಿಸಿಕೊಳ್ಳುತ್ತಾಳೆ.

ಆದರೆ ತಪ್ಪು ಸಿಕ್ಕ ಮೇಲೆ ಅದನ್ನು ತಿದ್ದುವಲ್ಲಿ ಫೋನು ಸೋಲುತ್ತದೆ. ಒಂದು ಹತ್ತನ್ನು ಬಿಡಿಸಿದರೆ ಹತ್ತು ಬಿಡಿಗಳಾಗುತ್ತವೆ ಎಂಬುದನ್ನು ಕಿವಿಯಲ್ಲಿ ಕೇಳಿ ಒಪ್ಪುವುದು ಒಂಬತ್ತು ವರ್ಷದ ಮಗುವಿಗೆ ಕಷ್ಟ. ಕಣ್ಣಿಗೆ ಕಾಣಬೇಕು, ಕೈಯಲ್ಲಿ ಮುಟ್ಟಬೇಕು. ಅದಕ್ಕೆ ಬೇಕಾದ ಸಾಮಾನು ಸಾಲಿಯಲ್ಲೇ ಇದೆ. ಅಕ್ಷರ ಫೌಂಡೇಶನ್ ಮತ್ತು ಸರ್ಕಾರ ಸೇರಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ದ ಕಿಟ್‌ನಲ್ಲಿ ಮಣಿಚೌಕಟ್ಟು, ಸ್ಥಾನಬೆಲೆ ಪಟ್ಟಿಗಳೆಲ್ಲ ಇವೆ. ಬುಧವಾರ ಸಂಜೆ 47 ಎಂಬ ಉತ್ತರ ಕೇಳಿದವರು ಗುರುವಾರ ಮುಂಜಾನೆ ಆ ಕಿಟ್ ಬಿಚ್ಚಿದರೆ ಕರೆ ಸಾರ್ಥಕ. ಸಂಜೆಯ ಕರೆ ಒಂದು ಯೋಜನೆ, ಮುಂಜಾನೆಯ ಕಿಟ್ ಇನ್ನೊಂದು ಯೋಜನೆ ಎಂದು ಬೇರೆ ಬೇರೆ ಕಡತಗಳಲ್ಲಿ ನಡೆದರೆ ಮಗು ನಡುವೆ ಉಳಿಯುತ್ತದೆ. ಈ ಜೋಡಣೆಯನ್ನು ಶಿಕ್ಷಕರ ಒಳ್ಳೆಯತನಕ್ಕೆ ಬಿಡದೆ ಯೋಜನೆಯೊಳಗೇ ಹೆಣೆಯಬೇಕು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ‘ನಲಿ-ಕಲಿ’ ಪದ್ಧತಿಯಲ್ಲಿ ಮಗು ತನ್ನ ಮೆಟ್ಟಿಲಲ್ಲಿ ತಾನು ಹತ್ತುತ್ತಿತ್ತು. ಮೂರನೆಯ ಇಯತ್ತೆ ದಾಟಿದೊಡನೆ ಆ ಏಣಿ ಇಲ್ಲ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪಾಠ. ಗಣಿತ ಗಣಕ ಕಾಲಿಟ್ಟಿರುವುದು ಬಹುಮಟ್ಟಿಗೆ ಆ ಜಾಗದಲ್ಲಿ. ಈ ಆಯ್ಕೆಗೆ ಮೆಚ್ಚುಗೆ ಸಲ್ಲಬೇಕು.

ಇನ್ನು ಹೊತ್ತಿನ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯಂತೆ ಒಬ್ಬ ಶಿಕ್ಷಕರಿಗೆ 30 ಮಕ್ಕಳು. ವಾರಕ್ಕೆ ತಲಾ 20 ನಿಮಿಷವೆಂದರೆ 600 ನಿಮಿಷ, ಅಂದರೆ ಹತ್ತು ತಾಸು. ದಿನವಿಡೀ ಪಾಠ, ಬಿಸಿಯೂಟ, ಆನ್‌ಲೈನ್ ಮಾಹಿತಿ ಭರ್ತಿ ಮಾಡಿ ಬಂದವರಿಗೆ ಇದು ಸಾಧ್ಯವಿಲ್ಲ. ಬಲವಂತ ಮಾಡಿದರೆ ಕರೆ ಎರಡು ನಿಮಿಷಕ್ಕಿಳಿದು, ಹಾಳೆಯ ಮೇಲೆ ಮಾತ್ರ ಪೂರ್ತಿಯಾಗುತ್ತದೆ. ಮನೆಯ ಒಂದೇ ಮೊಬೈಲು ಅಪ್ಪನ ಕಿಸೆಯಲ್ಲಿರುತ್ತದೆ. ಎರೆಹೊಲದ ಕಡಲೆ, ಜೋಳದ ಸುಗ್ಗಿಯಲ್ಲಿ ಅಪ್ಪ ಕತ್ತಲಾದ ಮೇಲೆಯೇ ಮನೆ ಸೇರುವುದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಊರೆಲ್ಲ ಯಲ್ಲಮ್ಮನ ಗುಡ್ಡದ ದಾರಿಯಲ್ಲಿರುತ್ತದೆ. ಬೆಂಗಳೂರಿನಲ್ಲಿ ಕೂತು ಹಾಕಿದ ವೇಳಾಪಟ್ಟಿ ಇಲ್ಲಿ ನಡೆಯದು.

ದಾರಿ ಇಲ್ಲದಿಲ್ಲ. ಕಳೆಯುವ ಲೆಕ್ಕದಲ್ಲಿ ಸಿಕ್ಕಿಬಿದ್ದ ಐದೇ ಮಕ್ಕಳನ್ನು ಮೊದಲು ಆರಿಸಿದರೆ ವಾರಕ್ಕೆ 100 ನಿಮಿಷ ಸಾಕು. ಎಂಟು ವಾರ ಕಳೆದ ಮೇಲೆ ಮುಂದಿನ ಐವರು. ಆ ಹೊತ್ತನ್ನು ಶಿಕ್ಷಕರ ಕೆಲಸದ ಅವಧಿಯಲ್ಲಿ ಎಣಿಸಿ, ಅಷ್ಟೇ ಹೊತ್ತಿನ ಬರವಣಿಗೆ ಕೆಲಸವನ್ನು ಇಲಾಖೆ ಕೈಬಿಡಬೇಕು. ವರದಿಯಲ್ಲಿ ಎಷ್ಟು ಕರೆ ಹೋದವು ಎಂಬ ಅಂಕಣದ ಪಕ್ಕದಲ್ಲಿ ಮಗು ಕೊಟ್ಟ ಉತ್ತರವನ್ನೂ, ಅದು ಹೇಳಿದ ಕಾರಣವನ್ನೂ ಅದರದೇ ಮಾತಿನಲ್ಲಿ ಬರೆದುಕೊಳ್ಳಲು ಒಂದು ಸಾಲು ಇರಲಿ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಶಾಲೆಗೆ ಬಂದಾಗ ಮೊದಲು ಓದಬೇಕಾದದ್ದು ಆ ಸಾಲನ್ನು.